ಟೇಲರ್ ಮಂಜಿಲ್: ಗುಡ್ಡದ ಮೇಲಿನ ಸ್ಮಾರಕ ಮತ್ತು ಒಂದೇ ಪುಸ್ತಕದ ಚರಿತ್ರೆ

ಯಾದಗಿರಿಯಲ್ಲಿ ಭೀಮಾ ನದಿಯನ್ನು ದಾಟಿ, ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನು ನೋಡಿಕೊಂಡು ಸುರಪುರಕ್ಕೆ ಬರುವ ಕನ್ನಡ ವಿಭಾಗಗಳ ಅಧ್ಯಯನ ಪ್ರವಾಸ ಸಾಮಾನ್ಯವಾಗಿ ಕೊನೆಗೊಳ್ಳುವುದು ಟೇಲರ್ ಮಂಜಿಲ್‌ನಲ್ಲಿ. ಸುತ್ತಲೂ ಹೆಬ್ಬಂಡೆಗಳ ಗುಡ್ಡಗಳು, ನಡುವೆ ಊರು, ಊರಿನ ನೆತ್ತಿಯ ಮೇಲೆ 1844ರ ಈ ಬಂಗಲೆ. ಸ್ವಾತಂತ್ರ್ಯಾನಂತರ ಸರ್ಕಾರಿ ಅತಿಥಿಗೃಹವಾಗಿ ದೀರ್ಘಕಾಲ ಬಳಕೆಯಲ್ಲಿದ್ದ ಈ ಕಟ್ಟಡದ ಹೆಸರಿನಲ್ಲೇ ಒಂದು ಚರಿತ್ರೆಯಿದೆ. ಮೊದಲ ಪದ ಇಂಗ್ಲಿಷಿನ ಮನೆತನದ ಹೆಸರು, ಎರಡನೆಯದು ಅರಬ್ಬಿಯಿಂದ ಉರ್ದುವಿನ ಮೂಲಕ ಬಂದ ಮಾತು. ಎರಡನ್ನೂ ಜೋಡಿಸಿ ಉಚ್ಚರಿಸುವ ನಾಲಗೆ ಕನ್ನಡದ್ದು. ವಿದ್ಯಾರ್ಥಿಗಳು ಗುಡ್ಡದ ಅಂಚಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಜೊತೆಗೆ ಬಂದ ಅಧ್ಯಾಪಕರು ಕಾಲು ಗಂಟೆಯಲ್ಲಿ ಕಥೆಯನ್ನು ಹೇಳಿ ಮುಗಿಸುತ್ತಾರೆ. ಬಸ್ಸು ಹೊರಡುತ್ತದೆ.

ಆ ಕಾಲು ಗಂಟೆಯ ಕಥೆ ಎಲ್ಲರಿಗೂ ಗೊತ್ತಿರುವುದೇ. ತಂದೆಯನ್ನು ಕಳೆದುಕೊಂಡ ಎಳೆಯ ರಾಜ ವೆಂಕಟಪ್ಪ ನಾಯಕ; ಸಾಲದಲ್ಲಿ ಮುಳುಗಿದ ಸಂಸ್ಥಾನ; ಅಧಿಕಾರಕ್ಕಾಗಿ ಹವಣಿಸುವ ರಾಣಿ; ಇವೆಲ್ಲವನ್ನೂ ಸರಿಪಡಿಸಲು ಬಂದ ಆಂಗ್ಲ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್. ರಾಜ ಆತನನ್ನು 'ಅಪ್ಪ' ಎಂದು ಕರೆಯುತ್ತಾನೆ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ರಾಜನಿಗೆ ಮರಣ ಎಂದು ಜಾತಕ ಹೇಳಿರುತ್ತದೆ. 1853ರಲ್ಲಿ ಟೇಲರ್ ಸುರಪುರವನ್ನು ಬಿಡುತ್ತಾನೆ. 1858ರ ಫೆಬ್ರವರಿಯಲ್ಲಿ ರಾಜ ಬ್ರಿಟಿಷರ ವಿರುದ್ಧ ಏಳುತ್ತಾನೆ, ಸೋತು ಹೈದರಾಬಾದಿಗೆ ಹೋಗಿ ಸೆರೆಸಿಕ್ಕುತ್ತಾನೆ, ಮರಣದಂಡನೆ ಹಂತಹಂತವಾಗಿ ಇಳಿದು ನಾಲ್ಕು ವರ್ಷಗಳ ಸೆರೆವಾಸವಾಗುತ್ತದೆ. ಸೆರೆಗೆ ಸಾಗಿಸುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜ ಬಲಿಯಾಗುತ್ತಾನೆ. ಜಾತಕ ನಿಜವಾಗುತ್ತದೆ. ಕೇಳುತ್ತಿರುವ ವಿದ್ಯಾರ್ಥಿಗಳು ಮೌನವಾಗುತ್ತಾರೆ.

ಕಥೆ ಮನಮಿಡಿಯುವಂತಿದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದರ ಬಹುತೇಕ ಎಲ್ಲ ಎಳೆಗಳೂ ಒಂದೇ ಪುಸ್ತಕದಿಂದ, ಟೇಲರನ ಆತ್ಮಕಥೆಯಾದ 'ದ ಸ್ಟೋರಿ ಆಫ್ ಮೈ ಲೈಫ್' ಕೃತಿಯಿಂದ ಬಂದವು ಎಂಬ ಸಂಗತಿ ಆ ಕಾಲು ಗಂಟೆಯಲ್ಲಿ ಪ್ರಸ್ತಾಪವಾಗುವುದಿಲ್ಲ. ಗುಡ್ಡದ ಮೇಲಿನ ಬಂಗಲೆ ಕಲ್ಲಿನ ಸ್ಮಾರಕವಾದರೆ ಆ ಪುಸ್ತಕ ಅದಕ್ಕಿಂತ ಗಟ್ಟಿಯಾದ ಇನ್ನೊಂದು ಸ್ಮಾರಕ. ಕಲ್ಲಿನ ಕಟ್ಟಡವನ್ನು ಉಳಿಸಬೇಕೆ, ಅಲ್ಲಿ ವಸ್ತುಸಂಗ್ರಹಾಲಯ ಮಾಡಬೇಕೆ ಎಂಬ ಪ್ರಶ್ನೆಗಳನ್ನು ಇಲಾಖೆಗಳು ಚರ್ಚಿಸಲಿ. ಪುಸ್ತಕವನ್ನು ಹೇಗೆ ಓದಬೇಕು ಎಂಬುದು ಮಾತ್ರ ಕನ್ನಡ ವಿಭಾಗಗಳ ಕೆಲಸ. ಆ ಕೆಲಸ ಇನ್ನೂ ಸಮರ್ಪಕವಾಗಿ ಆಗಿಲ್ಲ.

ಮೊದಲಿಗೆ 'ನಿರ್ಮಾತೃ' ಎಂಬ ಪದದಿಂದಲೇ ತೊಡಗಬಹುದು. ಟೇಲರನನ್ನು ಕುರಿತ ಮಾತುಗಳಲ್ಲಿ 'ಆಧುನಿಕ ಸುರಪುರದ ನಿರ್ಮಾತೃ' ಎಂಬ ವಿಶೇಷಣ ಆಗಾಗ ಕೇಳಿಬರುತ್ತದೆ. ಸುರಪುರ ಊರಾಗಿ ಹುಟ್ಟಿದ್ದು ಟೇಲರನಿಗಿಂತ ಸುಮಾರು ಒಂದೂಕಾಲು ಶತಮಾನದ ಹಿಂದೆ. ಸಮೀಪದ ವಾಗಣಗೇರಾ ಕೋಟೆ ನಾಯಕರ ಮೊದಲಿನ ನೆಲೆ. 1705ರಲ್ಲಿ ಔರಂಗಜೇಬ ತಾನೇ ಖುದ್ದಾಗಿ ನಿಂತು ಅದನ್ನು ಮುತ್ತಿದ. ಅದು ಆತ ಸ್ವತಃ ನಡೆಸಿದ ಕೊನೆಯ ಮುತ್ತಿಗೆ. ಕೋಟೆ ಬಿದ್ದರೂ ಪಿಡ್ಡನಾಯಕ ಸಿಗಲಿಲ್ಲ. ಎರಡು ವರ್ಷಗಳಲ್ಲಿ ಬಾದಶಹ ತೀರಿಕೊಂಡ. ನಾಯಕರು ಸುರಪುರದ ಗುಡ್ಡಗಳ ನಡುವೆ ಹೊಸ ರಾಜಧಾನಿಯನ್ನು ಕಟ್ಟಿಕೊಂಡರು. ಇಂದಿಗೂ ಗೋಕುಲಾಷ್ಟಮಿಯ ಹೊತ್ತಿಗೆ ಕಂಬಾರೋಹಣ ನಡೆಯುವ ವೇಣುಗೋಪಾಲಸ್ವಾಮಿ ದೇವಾಲಯ ಆ ನಾಯಕ ಅರಸರ ಕಾಲದ್ದು. ಮೊಗಲ್ ಸಾಮ್ರಾಟನನ್ನು ತಿಂಗಳುಗಟ್ಟಲೆ ಕಾಯಿಸಿದ ಬೇಡ ನಾಯಕರ ಊರಿಗೆ ಆಂಗ್ಲ ಅಧಿಕಾರಿಯೊಬ್ಬ ನಿರ್ಮಾತೃವಾದದ್ದು ಹೇಗೆ ಎಂಬುದು ಕೇಳಬೇಕಾದ ಪ್ರಶ್ನೆ. ಬೋನಾಳದ ಕೆರೆಯ ವಿಷಯದಲ್ಲೂ ಇದೇ ಆಗಿದೆ. ನಾಯಕ ಅರಸರ ಕಾಲದಲ್ಲಿ ಮೊದಲು ಕಟ್ಟಿದ ಆ ಕೆರೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ದುರಸ್ತಿ ಮಾಡಿ ಬಲಪಡಿಸಲಾಯಿತು. ಮಾತಿನಲ್ಲಿ ದುರಸ್ತಿಯ ಕೀರ್ತಿ ಕಟ್ಟಿದ ಕೀರ್ತಿಯನ್ನು ನುಂಗಿಬಿಡುತ್ತದೆ.

ಈ ವಿಷಯದಲ್ಲಿ ಕನ್ನಡ ಭಾಷೆ ಇತಿಹಾಸಕಾರರಿಗಿಂತ ಎಚ್ಚರವಾಗಿದೆ ಎನ್ನಬೇಕು. 'ಕಟ್ಟು' ಬೇರೆ, 'ಕಟ್ಟಿಸು' ಬೇರೆ. ನಮ್ಮ ಶಾಸನಗಳು ಈ ಪ್ರೇರಣಾರ್ಥಕವನ್ನು ಬಹಳ ನಿಷ್ಠೆಯಿಂದ ಬಳಸಿವೆ. ಕೆರೆಯನ್ನೋ ದೇಗುಲವನ್ನೋ ಕಟ್ಟಿಸಿದವನ ಹೆಸರು ಮೊದಲು ಬರುತ್ತದೆ. ಅನೇಕ ಕಡೆ ಶಾಸನದ ಕೊನೆಯಲ್ಲಿ ಅದನ್ನು ಬರೆದವನ ಹೆಸರು, ಕಂಡರಿಸಿದ ರೂವಾರಿಯ ಹೆಸರು ಕೂಡ ಇರುತ್ತದೆ. ಟೇಲರ್ ಮಂಜಿಲ್‌ಗೆ ಸಂಬಂಧಿಸಿದ ಮಾತುಗಳಲ್ಲಿ ಈ ಕೊನೆಯ ಸಾಲುಗಳೇ ಇಲ್ಲ. ಬಂಡೆಯನ್ನು ಸೀಳಿದವರು, ಗುಡ್ಡದ ಮೇಲಕ್ಕೆ ಸುಣ್ಣ ಹೊತ್ತವರು, ಖರ್ಚನ್ನು ಹೊತ್ತ ಬೊಕ್ಕಸ ಇವೆಲ್ಲ ಒಬ್ಬನ ಹೆಸರಿನೊಳಗೆ ಅಡಗಿಹೋಗಿವೆ.

ಟೇಲರ್ ಸಾಮಾನ್ಯ ವ್ಯಕ್ತಿಯಾಗಿರಲಿಲ್ಲ ಎಂಬುದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿ, ಹದಿನೈದರ ಹರೆಯದಲ್ಲಿ ಮುಂಬಯಿಗೆ ಬಂದು, ನಿಜಾಮನ ಸೈನ್ಯದಲ್ಲಿ ಸೇರಿಕೊಂಡವನು ಆತ. ಈಸ್ಟ್ ಇಂಡಿಯಾ ಕಂಪನಿಯ ಖಾಯಂ ಸೇವೆಗೆ ಸೇರಿದವನಲ್ಲ. ಆ ಕೊರಗು ಅವನ ಬರಹದುದ್ದಕ್ಕೂ ಇದೆ. ಭೂಮಾಪನ, ಕಾನೂನು, ಭೂವಿಜ್ಞಾನ, ಚಿತ್ರಕಲೆಗಳನ್ನು ಬಹುಮಟ್ಟಿಗೆ ತಾನೇ ಕಲಿತ. 1839ರಲ್ಲಿ ಪ್ರಕಟವಾದ 'ಕನ್ಫೆಷನ್ಸ್ ಆಫ್ ಎ ಥಗ್' ಕಾದಂಬರಿ ಆತನಿಗೆ ಇಂಗ್ಲೆಂಡಿನಲ್ಲಿ ದೊಡ್ಡ ಹೆಸರು ತಂದಿತು. ಮರುವರ್ಷ ಟೀಪು ಸುಲ್ತಾನನನ್ನು ಕುರಿತ ಕಾದಂಬರಿ ಬಂತು. ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಬಹುಕಾಲ ಸುದ್ದಿ ಬರೆದುಕೊಟ್ಟ. ಅಂದರೆ 1841ರಲ್ಲಿ ಸುರಪುರಕ್ಕೆ ಬಂದವನು ಬರಿಯ ಆಡಳಿತಗಾರನಲ್ಲ, ಓದುಗರನ್ನು ಹಿಡಿದು ನಿಲ್ಲಿಸುವ ಕಲೆ ಬಲ್ಲ ವೃತ್ತಿನಿರತ ಲೇಖಕ. ಈ ಸಂಗತಿಯನ್ನು ಪಕ್ಕಕ್ಕಿಟ್ಟು ಅವನ ಆತ್ಮಕಥೆಯನ್ನು ಕಡತದಂತೆ ಓದಿದ್ದೇ ಸುರಪುರ ಅಧ್ಯಯನಗಳ ಮುಖ್ಯ ಕೊರತೆ.

ಆ ಪುಸ್ತಕ ಪ್ರಕಟವಾದದ್ದು 1877ರಲ್ಲಿ, ಟೇಲರ್ ತೀರಿಕೊಂಡ ಮರುವರ್ಷ. ಸಂಪಾದಿಸಿದವಳು ಮಗಳು ಆಲಿಸ್. ಸುರಪುರದ ಮೊದಲ ದಿನಗಳಿಂದ ಪ್ರಕಟಣೆಯವರೆಗೆ ಮೂವತ್ತೈದು ವರ್ಷಗಳು ಸರಿದಿದ್ದವು. ವೆಂಕಟಪ್ಪ ನಾಯಕ ಸತ್ತು ಎರಡು ದಶಕ ಕಳೆಯುತ್ತಾ ಬಂದಿತ್ತು. ಸಂಸ್ಥಾನವನ್ನು ಬ್ರಿಟಿಷರು ವಶಪಡಿಸಿಕೊಂಡು 1860ರಲ್ಲಿ ನಿಜಾಮನಿಗೆ ಒಪ್ಪಿಸಿಯಾಗಿತ್ತು. ಕಥೆಯ ಕೊನೆ ಗೊತ್ತಿದ್ದವನು ಕಥೆಯ ಮೊದಲನ್ನು ಬರೆದಿದ್ದಾನೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರ ಪರಿಣಾಮವನ್ನು ವಿವರಿಸುವ ಅಗತ್ಯವಿಲ್ಲ.

ಜಾತಕದ ಪ್ರಸಂಗವನ್ನೇ ನೋಡಬಹುದು. ರಾಜ ಇನ್ನೂ ಬಾಲಕನಾಗಿದ್ದಾಗ ಶಾಸ್ತ್ರಿಗಳು ಬರೆದ ಜಾತಕದ ಗುಟ್ಟನ್ನು ರಾಣಿ ದುಃಖದಿಂದ ತನಗೆ ತಿಳಿಸಿದಳೆಂದೂ ತಾನು ಅದನ್ನು ನಂಬಲಿಲ್ಲವೆಂದೂ ಟೇಲರ್ ಬರೆಯುತ್ತಾನೆ. ವರ್ಷಗಳ ನಂತರ ರಾಜನ ಶಿಕ್ಷೆ ಇಳಿದ ಸುದ್ದಿ ಬಂದಾಗ ಜಾತಕ ಸುಳ್ಳಾಯಿತೆಂದು ಸಂತೋಷಪಡುತ್ತಾನೆ. ಅಷ್ಟರಲ್ಲೇ ಸಾವಿನ ವಾರ್ತೆ ಬರುತ್ತದೆ. ಇದು ಕಾದಂಬರಿಯ ಹೆಣಿಗೆ. ಸುಳಿವು ಕೊಡುವುದು, ಮರೆಸುವುದು, ಆಸೆ ಹುಟ್ಟಿಸುವುದು, ಕೊನೆಗೆ ಸುಳಿವನ್ನು ನಿಜ ಮಾಡುವುದು. ಪ್ರಸಂಗ ನಡೆದೇ ಇಲ್ಲವೆಂದು ಹೇಳಬೇಕಾಗಿಲ್ಲ. ರಾಜಮನೆತನಗಳಲ್ಲಿ ಜಾತಕ ಬರೆಸುವುದು ಅಪರೂಪವೂ ಅಲ್ಲ. ಆದರೆ ಆತ್ಮಕಥೆಗಿಂತ ಮೊದಲು ಟೇಲರ್ ಬರೆದ ಮೂರು ಕಾದಂಬರಿಗಳನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಒಂದು ವಿನ್ಯಾಸ ಕಾಣುತ್ತದೆ. 'ತಾರಾ' (1863) ಶಿವಾಜಿಯ ಏಳಿಗೆಯ 1657ರ ಕಾಲಕ್ಕೆ ಸೇರಿದ್ದು. 'ರಾಲ್ಫ್ ಡಾರ್ನೆಲ್' (1865) ಪ್ಲಾಸಿ ಕದನದ 1757ರದು. 'ಸೀತಾ' (1872) 1857ರದು. ನೂರು ನೂರು ವರ್ಷಗಳ ಅಂತರದಲ್ಲಿ ಭಾರತದ ಭವಿಷ್ಯ ತಿರುವು ಪಡೆಯುತ್ತದೆಂಬ ಕಲ್ಪನೆಯ ಮೇಲೆ ಈ ಕಾದಂಬರಿಗಳು ನಿಂತಿವೆ. ಕಂಪನಿಯ ಆಳ್ವಿಕೆ ನೂರು ವರ್ಷಕ್ಕೆ ಮುಗಿಯುತ್ತದೆಂಬ ಭವಿಷ್ಯವಾಣಿ 1857ರ ಕಾಲದಲ್ಲಿ ಪ್ರಚಲಿತವಾಗಿದ್ದುದೂ ಇದಕ್ಕೆ ಇಂಬು ಕೊಟ್ಟಿರಬೇಕು. ನಿಯತಕಾಲದಲ್ಲಿ ನಿಯತ ಘಟನೆ ನಡೆದೇ ತೀರುತ್ತದೆಂಬ ಈ ದೃಷ್ಟಿ ದೇಶದ ಮಟ್ಟದಲ್ಲಿ ಮೂರು ಕಾದಂಬರಿಗಳಾಯಿತು, ಒಬ್ಬ ಯುವಕನ ಮಟ್ಟದಲ್ಲಿ ಸುರಪುರದ ಜಾತಕವಾಯಿತು ಎಂದು ಅರ್ಥೈಸಲು ಸಾಧ್ಯವಿದೆ. ಹೀಗೆ ಅರ್ಥೈಸಿದಾಗ ಜಾತಕ ಮಾಡುವ ಇನ್ನೊಂದು ಕೆಲಸವೂ ಗಮನಕ್ಕೆ ಬರುತ್ತದೆ: ರಾಜನ ಸಾವಿನ ಹೊಣೆ ಗ್ರಹಗಳ ಮೇಲೆ ಹೋಗುತ್ತದೆ, ಸಂಸ್ಥಾನವನ್ನು ಬಲಹೀನಗೊಳಿಸಿದ ಪೇಷ್ಕಶ್ ಬಾಕಿ, ಸಾಲ ಮತ್ತು ಹಸ್ತಕ್ಷೇಪಗಳ ಮೇಲೆ ಹೋಗುವುದಿಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಹೇಳಲೇಬೇಕು. ಟೇಲರನನ್ನು ಹೊಗಳುವವರು ಮಾತ್ರ ಈ ಪುಸ್ತಕವನ್ನು ಅವಲಂಬಿಸಿದ್ದರೆ ಸಮಸ್ಯೆ ಸರಳವಾಗಿರುತ್ತಿತ್ತು. ವೆಂಕಟಪ್ಪ ನಾಯಕನನ್ನು ಸ್ವಾತಂತ್ರ್ಯವೀರನೆಂದು ಕೊಂಡಾಡುವ ಬರಹಗಳ ಆಕರವೂ ಇದೇ. 1909ರಲ್ಲಿ ಬಂದ ಸಾವರ್ಕರರ 1857ರ ಕುರಿತ ಪುಸ್ತಕದಲ್ಲಿ ಸುರಪುರದ ಯುವರಾಜನ ಪ್ರಸಂಗ ಬರುತ್ತದೆ. ಸೆರೆಮನೆಯಲ್ಲಿ ಟೇಲರ್ ರಾಜನನ್ನು ಭೇಟಿಯಾದದ್ದು, ಕಳ್ಳನಂತೆ ನೇಣಿಗೇರುವುದಕ್ಕಿಂತ ತೋಪಿನ ಬಾಯಿಗೆ ಕಟ್ಟಿಸಿಕೊಂಡು ಸಾಯುವುದೇ ಮೇಲೆಂದು ರಾಜ ಹೇಳಿದ್ದು ಇತ್ಯಾದಿ ವಿವರಗಳೆಲ್ಲ ಅಲ್ಲಿವೆ. ಅವೆಲ್ಲ ಟೇಲರನಿಂದ ಪಡೆದವು. ಆ ಭೇಟಿಯಲ್ಲಿ ನಡೆದ ಮಾತನ್ನು ಬರೆದಿಟ್ಟವನು ಟೇಲರ್ ಒಬ್ಬನೇ. ಅವನ ಪುಸ್ತಕದಲ್ಲಿ ಆ ಮಾತುಗಳು ವಾತ್ಸಲ್ಯದ ಪುರಾವೆಯಾಗಿ ಬಂದರೆ ರಾಷ್ಟ್ರೀಯವಾದಿ ಕಥನದಲ್ಲಿ ಶೌರ್ಯದ ಪುರಾವೆಯಾಗಿ ಬರುತ್ತವೆ. ನಿರ್ಮಾತೃವಿನ ಸ್ಮಾರಕ, ಹುತಾತ್ಮನ ಸ್ಮಾರಕ ಎರಡಕ್ಕೂ ಕಲ್ಲು ಬಂದದ್ದು ಒಂದೇ ಕಣಿಯಿಂದ. ಕನ್ನಡದಲ್ಲಿ ಸುರಪುರ ಸಂಸ್ಥಾನದ ಇತಿಹಾಸವನ್ನು ಬರೆದ ಕಪಟರಾಳ ಕೃಷ್ಣರಾಯರಂಥ ವಿದ್ವಾಂಸರ ದುಡಿಮೆಯನ್ನು ಕಡೆಗಣಿಸುವ ಉದ್ದೇಶ ಈ ಮಾತಿಗಿಲ್ಲ. ಅವರು ತೆರೆದ ದಾರಿಯಲ್ಲಿ ಮುಂದಿನ ತಲೆಮಾರು ಎಷ್ಟು ದೂರ ನಡೆಯಿತು ಎಂಬುದಷ್ಟೇ ಪ್ರಶ್ನೆ.

ಈ ಏಕಾಕರ ಚರಿತ್ರೆಯಲ್ಲಿ ಅತಿಹೆಚ್ಚು ನಷ್ಟವಾದದ್ದು ರಾಣಿ ಈಶ್ವರಮ್ಮನಿಗೆ. ಕೃಷ್ಣಪ್ಪ ನಾಯಕನ ಮರಣಾನಂತರ ಮಗನ ಹಕ್ಕನ್ನು ಕಾಪಾಡಿಕೊಳ್ಳಲು ನಿಂತವಳು ಈಕೆ. ಒಂದು ಕಡೆ ಮೃತ ಅರಸನ ಸೋದರ ಪಿಡ್ಡನಾಯಕ, ಇನ್ನೊಂದು ಕಡೆ ಬಾಕಿ ವಸೂಲಿಗೆ ಬಂದು ನಿಂತ ಹೈದರಾಬಾದು, ಮೇಲೆ ರೆಸಿಡೆಂಟನ ಕಚೇರಿ. ಟೇಲರನ ಪುಟಗಳಲ್ಲಿ ಆಕೆ ಒಮ್ಮೆ ಕುತಂತ್ರಿ, ಒಮ್ಮೆ ರೋಷಾವೇಶದ ಹೆಂಗಸು, ಒಮ್ಮೆ ಕಂಗೆಟ್ಟ ತಾಯಿ. ಆಕೆಯ ನಡತೆಯ ಬಗೆಗೂ ಆತನಿಗೆ ಹೇಳಲು ಬಹಳವಿದೆ. ಆಡಳಿತಗಾರಳಾಗಿ ಮಾತ್ರ ಒಮ್ಮೆಯೂ ಕಾಣಿಸುವುದಿಲ್ಲ. ಇದೇ ವರ್ಷಗಳಿಗೆ ತುಸು ಹಿಂದೆ, 1824ರಲ್ಲಿ, ಕಿತ್ತೂರಿನಲ್ಲಿ ಚೆನ್ನಮ್ಮ ಉತ್ತರಾಧಿಕಾರದ ಪ್ರಶ್ನೆಯ ಮೇಲೆ ಕಂಪನಿಯನ್ನು ಎದುರಿಸಿದ್ದಳು. ಕಿತ್ತೂರಿನ ಚೆನ್ನಮ್ಮನಿಗೆ ಲಾವಣಿಗಳು ಸಿಕ್ಕವು, ನಾಟಕಗಳು ಸಿಕ್ಕವು, ಆಮೇಲೆ ಪ್ರತಿಮೆಗಳು ಸಿಕ್ಕವು. ಈಶ್ವರಮ್ಮ ಯುದ್ಧ ಮಾಡಲಿಲ್ಲ. ಪತ್ರ, ತಕರಾರು, ವಿಳಂಬ, ಪಟ್ಟು ಇವೇ ಆಕೆಯ ಆಯುಧಗಳು. ಅಂಥ ಪ್ರತಿರೋಧಕ್ಕೆ ಲಾವಣಿಯ ಛಂದಸ್ಸು ಸುಲಭವಾಗಿ ಒದಗುವುದಿಲ್ಲ. ಟೇಲರ್ 'ಕುತಂತ್ರ' ಎಂದು ಕರೆದದ್ದನ್ನೇ 'ರಾಜತಂತ್ರ' ಎಂದು ಓದಿ ನೋಡಿದರೆ ಆ ಅಧ್ಯಾಯಗಳು ಬೇರೆಯೇ ಆಗಿ ತೆರೆದುಕೊಳ್ಳುತ್ತವೆ. ಗಂಡಸೊಬ್ಬ ಅದೇ ಪಟ್ಟು ಹಿಡಿದಿದ್ದರೆ ಯಾವ ಪದ ಬಳಕೆಯಾಗುತ್ತಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಸರ್ವನಾಮಗಳ ಕುರಿತೂ ಒಂದು ಮಾತು ಇಲ್ಲಿ ಅಪ್ರಸ್ತುತವಾಗಲಾರದು. ಕನ್ನಡದಲ್ಲಿ ವ್ಯಕ್ತಿಯ ಹೆಸರು ಹೇಳಿದ ಕೂಡಲೇ ಏಕವಚನವೋ ಬಹುವಚನವೋ ಎಂಬುದನ್ನು ತೀರ್ಮಾನಿಸಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಇಕ್ಕಟ್ಟಿಲ್ಲ. ಸುರಪುರವನ್ನು ಕುರಿತು ಆಡುವ, ಬರೆಯುವ ಮಾತುಗಳಲ್ಲಿ 'ಟೇಲರ್ ಸಾಹೇಬರು ಬಂದರು', 'ವೆಂಕಟಪ್ಪ ನಾಯಕ ಬಂಡೆದ್ದ', 'ಈಶ್ವರಮ್ಮ ಅಡ್ಡಿಪಡಿಸಿದಳು' ಎಂಬ ಮೂರು ಮೆಟ್ಟಿಲುಗಳು ಅರಿವಿಲ್ಲದೆ ನಿರ್ಮಾಣವಾಗುತ್ತವೆ. ಎಲ್ಲರಿಗೂ ಏಕವಚನವಾಗಲಿ, ಇಲ್ಲವೆ ಎಲ್ಲರಿಗೂ ಬಹುವಚನವಾಗಲಿ. ಇದು ಸಣ್ಣ ವಿಷಯವೆಂದು ತೋರಬಹುದು. ಸಂಪಾದಕರ ಪೆನ್ಸಿಲ್ ಇಂಥ ಕಡೆಗಳಲ್ಲೇ ಓಡಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಟೇಲರನಿಗೆ ಈ ಸೀಮೆ ಋಣಿಯಾಗಿರುವ ಒಂದು ಸಂಗತಿಯನ್ನು ಮರೆಮಾಚುವುದು ಸಲ್ಲದು. ಪ್ರವಾಸದ ಕಾಲು ಗಂಟೆಯ ಕಥೆಯಲ್ಲಿ ಅದು ಸಾಮಾನ್ಯವಾಗಿ ಬರುವುದೇ ಇಲ್ಲ ಎಂಬುದು ಇನ್ನೂ ವಿಚಿತ್ರ. ಸುರಪುರ ಸೀಮೆಯ ಬೃಹತ್ ಶಿಲಾಸಮಾಧಿಗಳನ್ನು ಮೊದಲು ಅಗೆದು, ಅಳೆದು, ಚಿತ್ರ ಬರೆದು ದಾಖಲಿಸಿದವನು ಟೇಲರ್. ರಾಜನಕೋಳೂರಿನ ಕಲ್ಲುಮನೆಗಳು, ಭೀಮಾ ತೀರದ ಜೇವರ್ಗಿಯ ಸಮಾಧಿಗಳು, ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಹೂಡಿದ ಬಂಡೆಗಳು ವಿದ್ವತ್ ಲೋಕಕ್ಕೆ ತಿಳಿದದ್ದು ಆತನ ಬರಹಗಳಿಂದ. 1850ರ ದಶಕದ ಆರಂಭದಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ, ಆಮೇಲೆ ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯ ಸಂಪುಟದಲ್ಲಿ ಇವು ಪ್ರಕಟವಾದವು. 1941ರಲ್ಲಿ ಗುಲಾಮ್ ಯಜ್ದಾನಿ ಅವುಗಳನ್ನು ಒಟ್ಟುಗೂಡಿಸಿ ಹೈದರಾಬಾದ್ ಪುರಾತತ್ವ ಇಲಾಖೆಯಿಂದ ಮತ್ತೆ ಹೊರತಂದರು. ವಿಭೂತಿಹಳ್ಳಿಯ ಕಲ್ಲುಸಾಲುಗಳನ್ನು ಮುಂದೆ ಆಲ್ಚಿನ್ ಅಧ್ಯಯನ ಮಾಡಿದರು. ಇದೇ ಬಗೆಯ ಸಾಲುಗಳಿಗೂ ಸೂರ್ಯನ ಉದಯಾಸ್ತಗಳಿಗೂ ಇರುವ ಸಂಬಂಧವನ್ನು ಕಾಮೇಶ್ವರ ರಾವ್ ಹುಡುಕಿದರು. ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ದಶಕಗಳ ಕಾಲ ದುಡಿದ ಕೆ. ಪದ್ದಯ್ಯ ಈ ಸೀಮೆಯನ್ನು ಪ್ರಾಗಿತಿಹಾಸದ ಭೂಪಟದಲ್ಲಿ ನಿಲ್ಲಿಸಿದರು.

ಟೇಲರ್ ಈ ಸಮಾಧಿಗಳನ್ನು ಬ್ರಿಟನ್ನಿನ ಕೆಲ್ಟರ, ಡ್ರುಯಿಡರ, ಇಲ್ಲವೆ ಸಿಥಿಯನ್ನರ ಸ್ಮಾರಕಗಳೊಂದಿಗೆ ಸಮೀಕರಿಸಿದ. ತನ್ನ ಲೇಖನದ ಶೀರ್ಷಿಕೆಯಲ್ಲೇ ಆ ಹೆಸರುಗಳನ್ನಿಟ್ಟ. ತನ್ನ ಊರಿನ ಕಲ್ಲುಗಳ ನೆನಪಾಗದೆ ಈ ಊರಿನ ಕಲ್ಲುಗಳನ್ನು ನೋಡಲು ಅವನಿಂದ ಆಗಲಿಲ್ಲ. ಆ ಸಿದ್ಧಾಂತ ಈಗ ಉಳಿದಿಲ್ಲ. ಉಳಿದಿರುವುದು ಅವನ ಅಳತೆಗಳು, ಅಡ್ಡಕೊಯ್ತದ ಚಿತ್ರಗಳು ಮತ್ತು ಹಳ್ಳಿಯವರಿಂದ ಕೇಳಿ ಬರೆದುಕೊಂಡ ಮಾತುಗಳು. ಈ ಕಲ್ಲುಮನೆಗಳು ಮೋರ್ಯರೆಂಬ ಕುಳ್ಳ ಜನರು ಕಟ್ಟಿಕೊಂಡ ಮನೆಗಳು, ಅವರು ಅಪಾರ ಬಲಶಾಲಿಗಳು ಎಂಬ ಐತಿಹ್ಯವನ್ನು ಆತ ದಾಖಲಿಸಿದ. ಉತ್ತರ ಕರ್ನಾಟಕದಲ್ಲಿ 'ಮೋರೇರ ಮನೆ' ಎಂಬ ಹೆಸರಿನಲ್ಲಿ ಇಂದಿಗೂ ಪ್ರಚಲಿತವಿರುವ ಈ ಐತಿಹ್ಯದ ಹಳೆಯ ಲಿಖಿತ ಪಾಠಗಳಲ್ಲಿ ಇದೂ ಒಂದು. ಜಾನಪದ ಅಧ್ಯಯನಕ್ಕೆ ಬೆಲೆಯುಳ್ಳದ್ದು. ಇಲ್ಲಿ ಟೇಲರ್ ತಾನು ಕೇಳಿಸಿಕೊಂಡದ್ದನ್ನು ಬರೆದಿದ್ದಾನೆ, ಆತ್ಮಕಥೆಯಲ್ಲಿ ತಾನು ಕೇಳಿಸಬೇಕೆಂದುಕೊಂಡದ್ದನ್ನು ಬರೆದಿದ್ದಾನೆ. ಎರಡನೆಯದಕ್ಕೆ ಗುಡ್ಡದ ಮೇಲೆ ನೆನಪು ಉಳಿಯಿತು, ಮೊದಲನೆಯದು ಹೊಲಗಳ ನಡುವೆ ಮುಳ್ಳುಪೊದೆಗಳ ಪಾಲಾಯಿತು.

ವಸಾಹತು ಕಾಲದ ಸ್ಮಾರಕಗಳನ್ನು ಏನು ಮಾಡಬೇಕೆಂಬ ಚರ್ಚೆ ಸುರಪುರಕ್ಕೆ ಮಾತ್ರ ಸೇರಿದ್ದಲ್ಲ. 2020ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಗುಲಾಮರ ವ್ಯಾಪಾರಿ ಕೋಲ್ಸ್ಟನ್‌ನ ಪ್ರತಿಮೆಯನ್ನು ಜನ ಉರುಳಿಸಿ ನೀರಿಗೆ ಹಾಕಿದರು. ಅದೇ ವರ್ಷ ಬೆಂಗಳೂರಿನಲ್ಲಿ ಮಾರ್ಕ್ ಕಬ್ಬನ್‌ನ ಪ್ರತಿಮೆ ಉಚ್ಚ ನ್ಯಾಯಾಲಯದ ಆವರಣದಿಂದ ಕಬ್ಬನ್ ಉದ್ಯಾನದೊಳಕ್ಕೆ ಸದ್ದಿಲ್ಲದೆ ಸ್ಥಳಾಂತರಗೊಂಡಿತು. ಧಾರವಾಡದಲ್ಲಿ ಕಿತ್ತೂರಿನ ಕದನದಲ್ಲಿ ಸತ್ತ ಥ್ಯಾಕರೆಯ ಸ್ಮಾರಕಸ್ತಂಭ ಇದೆ. ಉರುಳಿಸುವುದು, ಸರಿಸುವುದು, ಸುಮ್ಮನಿರುವುದು ಎಂಬ ಮೂರು ಮಾರ್ಗಗಳಲ್ಲಿ ಯಾವುದೂ ಸುರಪುರಕ್ಕೆ ಒಗ್ಗುವುದಿಲ್ಲ. ಇಲ್ಲಿರುವುದು ಪ್ರತಿಮೆಯಲ್ಲ, ಜನ ಹೋಗಿಬರುವ ಮನೆ. ಊರಿನವರು ತಮ್ಮದೆಂದುಕೊಂಡಿರುವ ಮನೆ. ಮದುವೆಗೆ ಬಂದ ನೆಂಟರನ್ನು ಸಂಜೆ ಕರೆದುಕೊಂಡು ಹೋಗಿ ತೋರಿಸುವ ಜಾಗವನ್ನು ವಿಶ್ವವಿದ್ಯಾಲಯದಿಂದ ಬಂದವರು ವಸಾಹತುಶಾಹಿಯ ಕುರುಹು ಎಂದು ತಳ್ಳಿಹಾಕಿದರೆ ಅದೂ ಒಂದು ಬಗೆಯ ಯಜಮಾನಿಕೆಯೇ ಆಗುತ್ತದೆ.

ಬೇಕಾಗಿರುವುದು ಎರಡನೆಯ ಪಠ್ಯ, ಮೂರನೆಯ ಪಠ್ಯ. ಅವು ಇಲ್ಲವೆಂದಲ್ಲ. ಹೈದರಾಬಾದಿನ ರಾಜ್ಯ ಪತ್ರಾಗಾರದಲ್ಲಿ ನಿಜಾಮ ಸರ್ಕಾರದ ಪರ್ಷಿಯನ್ ದಫ್ತರಗಳಿವೆ. ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದಲ್ಲಿ ಹೈದರಾಬಾದ್ ರೆಸಿಡೆನ್ಸಿಯ ಕಾಗದಗಳಿವೆ. ಟೇಲರ್ ಮೂವತ್ತು ವರ್ಷದ ನಂತರ ನೆನಪಿಸಿಕೊಂಡು ಬರೆದದ್ದಕ್ಕೂ ಘಟನೆಯ ದಿನಗಳಲ್ಲೇ ಕಚೇರಿಯಿಂದ ಕಚೇರಿಗೆ ಹೋದ ಕಾಗದಕ್ಕೂ ಎಲ್ಲಿ ಭೇದವಿದೆ ಎಂಬುದನ್ನು ಅಲ್ಲಿ ಕುಳಿತು ನೋಡಬಹುದು. ಸುರಪುರದ ಕಿರುಚಿತ್ರ ಪರಂಪರೆ ಇನ್ನೊಂದು ಆಕರ. ಗರುಡಾದ್ರಿ ಮನೆತನದ ಕಲಾವಿದರು ಬಿಡಿಸಿದ ಚಿತ್ರಗಳಲ್ಲಿ ಆಸ್ಥಾನ ತನ್ನನ್ನು ತಾನು ಹೇಗೆ ಕಂಡುಕೊಂಡಿತು ಎಂಬುದಿದೆ. ಕಲಾ ಇತಿಹಾಸಕಾರರು ಶೈಲಿಯನ್ನು ವಿವರಿಸಿದ್ದಾರೆ, ಚಿತ್ರಗಳನ್ನು ಚಾರಿತ್ರಿಕ ಪಠ್ಯವಾಗಿ ಓದುವ ಕೆಲಸ ಸಾಹಿತ್ಯದವರೂ ಕೈಗೆತ್ತಿಕೊಳ್ಳಬಹುದು. ಬೇಡ ಸಮುದಾಯದ ಮೌಖಿಕ ನಿರೂಪಣೆಗಳನ್ನು ಸಂಗ್ರಹಿಸುವಾಗ ಒಂದು ಎಚ್ಚರ ಅಗತ್ಯ: ಆ ನಿರೂಪಣೆಗಳಲ್ಲಿ ಎಷ್ಟು ಭಾಗ ಪರಂಪರೆಯದು, ಎಷ್ಟು ಭಾಗ ಟೇಲರನ ಪುಸ್ತಕದಿಂದ ಶಾಲೆಯ ಪಾಠ, ಭಾಷಣ, ನಾಟಕಗಳ ಮೂಲಕ ಮತ್ತೆ ಬಾಯಿಗೆ ಇಳಿದದ್ದು ಎಂಬುದನ್ನು ಬೇರ್ಪಡಿಸಬೇಕು. 'ಎ ನೋಬಲ್ ಕ್ವೀನ್' (1878) ಕಾದಂಬರಿಯಲ್ಲಿ ಕೃಷ್ಣಾ ತೀರದ ಬೇಡ ನಾಯಕರನ್ನು ಟೇಲರ್ ಪಾತ್ರಗಳನ್ನಾಗಿ ಮಾಡಿದ್ದಾನೆ. ಅವನ ಬೇಡರಿಗೂ ಅವನ ಆತ್ಮಕಥೆಯ ಬೇಡರಿಗೂ ಇಂದಿನ ವೀರಗಾಥೆಗಳ ಬೇಡರಿಗೂ ಇರುವ ಸಾಮ್ಯವನ್ನು ತುಲನಾತ್ಮಕವಾಗಿ ನೋಡಿದರೆ ಒಂದು ಪಿಎಚ್.ಡಿ. ಪ್ರಬಂಧಕ್ಕೆ ಸಾಕಷ್ಟು ಸಾಮಗ್ರಿಯಾಗುತ್ತದೆ. ಪರ್ಷಿಯನ್ ಮತ್ತು ಮೋಡಿ ಓದಬಲ್ಲ ಕನ್ನಡ ಸಂಶೋಧಕರು ಬೆರಳೆಣಿಕೆಯಷ್ಟಿರುವುದು ನಿಜವಾದ ತೊಡಕು. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಆ ಹಳೆಯ ಹೆಸರಿನ ಕಾಲದ ಕಾಗದಗಳನ್ನು ಓದುವ ತರಬೇತಿ ಮಾತ್ರ ಹೊಸ ಹೆಸರಿನ ಜೊತೆ ಬರಲಿಲ್ಲ. ವಿಭಾಗಗಳು ವರ್ಷಕ್ಕೊಂದು ವಿಚಾರಸಂಕಿರಣವನ್ನು ಕಡಿಮೆ ಮಾಡಿ ಒಂದು ಲಿಪಿ ಶಿಬಿರವನ್ನು ನಡೆಸಿದರೂ ಅಷ್ಟರಮಟ್ಟಿಗೆ ಲಾಭವೇ.

ಅಲ್ಲಿಯವರೆಗೆ ಪ್ರವಾಸದ ಬಸ್ಸುಗಳು ಬರುತ್ತಲೇ ಇರುತ್ತವೆ. ಕಾಲು ಗಂಟೆಯ ಕಥೆಯನ್ನು ಹೇಳುವ ಅಧ್ಯಾಪಕರು ಅದನ್ನು ನಿಲ್ಲಿಸಬೇಕಾಗಿಲ್ಲ. ಜಾತಕದ ಪ್ರಸಂಗ ಬಂದಾಗ ಅದನ್ನು ಬರೆದವನು ಕಾದಂಬರಿಕಾರ, ಬರೆದದ್ದು ರಾಜ ಸತ್ತ ಮೇಲೆ ಎಂದು ಸೇರಿಸಲಿ. ರಾಣಿಯ ಮಾತು ಬಂದಾಗ ಈಶ್ವರಮ್ಮ ಎಂದು ಹೆಸರು ಹಿಡಿದು ಹೇಳಲಿ. ಗುಡ್ಡದ ಅಂಚಿನಲ್ಲಿ ನಿಂತ ವಿದ್ಯಾರ್ಥಿಗಳಿಗೆ ಊರಿನ ಕಡೆ ಮಾತ್ರವಲ್ಲದೆ ವಾಗಣಗೇರಾ ಇರುವ ದಿಕ್ಕನ್ನೂ ತೋರಿಸಲಿ. ಹಿಂತಿರುಗುವಾಗ ಶಹಾಪುರದ ಹತ್ತಿರ ಬಸ್ಸನ್ನು ಅರ್ಧ ಗಂಟೆ ನಿಲ್ಲಿಸಿದರೆ ವಿಭೂತಿಹಳ್ಳಿಯ ಕಲ್ಲುಸಾಲುಗಳನ್ನೂ ಬೆಳಕಿರುವಾಗಲೇ ನೋಡಬಹುದು.